ಅಡುಗೆಮನೆ ಸಿಂಕ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ, ಏನು ಮಾಡೋದು?

ಪ್ರಶ್ನೆ (ಡೊಂಬಿವಲಿ, ಮೂರನೇ ಮಹಡಿ): ಡ್ರೈನ್ ಪುಡಿ ಹಾಕಿದರೆ ನಾಲ್ಕು ದಿನ ಸರಿ, ಮತ್ತೆ ನೀರು ನಿಲ್ಲುತ್ತೆ. ಕೆಳಗಿರೋದು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪು, ನಹಾಣಿ ಟ್ರ್ಯಾಪ್‌ಗೆ (ನೆಲದ ನೀರು ಹೋಗುವ ಕಿಂಡಿಗೆ) ಬಿಟ್ಟಿದ್ದಾರೆ. ಬಲ್ಲವರು ತಿಳಿಸಿ.

ಮುಲುಂಡ್: ಆ ಪೈಪೇ ಮೂಲ ಸರ್. ಜೋತುಬಿದ್ದ ಕಡೆ ನೀರು ನಿಂತು, ದೋಸೆ ಹಿಟ್ಟು, ಅನ್ನದ ಗಂಜಿ, ಎಣ್ಣೆ ಜಿಡ್ಡು ಎಲ್ಲ ಸುಕ್ಕಿನೊಳಗೆ ಪದರಪದರವಾಗಿ ಕೂರುತ್ತೆ. ಪುಡಿ ನಡುವೆ ದಾರಿ ಮಾಡುತ್ತೆ ಅಷ್ಟೆ, ಸುತ್ತಲಿನ ಜಿಡ್ಡು ಹಾಗೇ ಉಳಿಯುತ್ತೆ. ಅದನ್ನು ತೆಗೆಸಿ, ಒಳಮೈ ನುಣುಪಾದ 40 ಮಿ.ಮೀ. ಪಿವಿಸಿ ಪೈಪು ಹಾಕಿಸಿ, ಮೀಟರಿಗೆ 2.5 ಸೆಂ.ಮೀ. ಇಳಿಜಾರು ಇರಲಿ. ಸಿಂಕ್ ಕೆಳಗೆ ಬಾಟಲ್ ಟ್ರ್ಯಾಪ್ (ಕಸ ತಳದಲ್ಲಿ ನಿಲ್ಲುವ ಬಾಟಲಿಯಂಥ ಭಾಗ) ಇದ್ದರೆ ಬಕೆಟ್ ಇಟ್ಟು, ಅದರ ತಳದ ಬಟ್ಟಲಿನಂಥ ಭಾಗವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ ತೊಳೆಯಿರಿ. ವಾಷರ್ ಸೊಟ್ಟ ಕೂತರೆ ಸೋರುತ್ತೆ, ನೋಡಿಕೊಳ್ಳಿ.

ಪುಡಿ ಹಾಕಿದ ನೀರು ಇನ್ನೂ ನಿಂತಿದ್ದರೆ ಕೈಗವಸು, ಕನ್ನಡಕ ಇಲ್ಲದೆ ಬಿಚ್ಚಬೇಡಿ. ಸಾಮಾನ್ಯವಾಗಿ ಅದು ಕಾಸ್ಟಿಕ್ ಸೋಡಾ, ಚರ್ಮ ಸುಡುತ್ತೆ. ಅದರ ಮೇಲೆ ಆಸಿಡ್ ಅಂತೂ ಸುರಿಯಲೇಬೇಡಿ, ಸಿಡಿಯುತ್ತೆ.

ಕೋಥ್ರೂಡ್, ಪುಣೆ: ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ. ನಿಮ್ಮ ನಲ್ಲಿಗಳೆಲ್ಲ ಬಂದ್ ಇದ್ದಾಗಲೂ ನಹಾಣಿಯಲ್ಲಿ ನೀರು ಉಕ್ಕುತ್ತಾ? ಹಾಗಿದ್ದರೆ ಕಟ್ಟಿರೋದು ಮೇಲಿನ ಮನೆಗಳ ನೀರೂ ಇಳಿಯುವ ಕಟ್ಟಡದ ಪೈಪು. ನಿಮ್ಮ ಸಿಂಕ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಕಟ್ಟಡದ ಹೌಸಿಂಗ್ ಸೊಸೈಟಿಗೆ ಲಿಖಿತ ಅರ್ಜಿ ಕೊಡಿ.

ಪ್ರಶ್ನೆ ಕೇಳಿದವರು: ಉಕ್ಕಲ್ಲ. ಕುದಿಯುವ ನೀರು ಹಾಕಬಹುದಾ?

ಮುಲುಂಡ್: ಬೇಡ, ಪಿವಿಸಿ ಮೆತ್ತಗಾಗಿ ಜಾಯಿಂಟ್ ಬಿಡುತ್ತೆ. ಬಾಣಲೆಯ ಜಿಡ್ಡನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ.