24 ಮಣ್ಣು ಮಾದರಿಗಳಿಂದ ರಂಜಕದ ನಕ್ಷೆ ಮಾಡಿದರೆ ಬರೀ ಸುತ್ತುಗಳೇ ಕಾಣುತ್ತವೆ. ಇದನ್ನು ನಂಬಿ ಗೊಬ್ಬರ ಹಾಕಬಹುದೇ?

ಹೊಲಗ್ರಿಡ್ (ಪ್ರಶ್ನೆ)

24 ಹೆಕ್ಟೇರಿನ ಒಂದೇ ತುಂಡು ಹೊಲ, ಮಳೆಯಾಶ್ರಿತ ಮುಸುಕಿನ ಜೋಳ. 100 ಮೀಟರ್ ಗ್ರಿಡ್ ಹಾಕಿ, ಹೆಕ್ಟೇರಿಗೊಂದರಂತೆ 24 ಕಡೆ 0–15 ಸೆಂ.ಮೀ. ಆಳದ ಮಣ್ಣು ತೆಗೆದು ಪರೀಕ್ಷೆ ಮಾಡಿಸಿದ್ದಾಗಿದೆ. ಓಲ್ಸನ್ ವಿಧಾನದ (ಮಣ್ಣಿನ ರಂಜಕ ಅಳೆಯುವ ಒಂದು ಪರೀಕ್ಷೆ) ರಂಜಕ 6ರಿಂದ 41 ಪಿಪಿಎಂ (ದಶಲಕ್ಷದಲ್ಲಿ ಭಾಗ), ಪೊಟ್ಯಾಷ್ 110ರಿಂದ 290 ಪಿಪಿಎಂ, ರಸಸಾರ (ಪಿಎಚ್) 5.4ರಿಂದ 7.3.

ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಐಡಿಡಬ್ಲ್ಯು (ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ ಕೊಟ್ಟು ನಡುವಿನ ಮೌಲ್ಯ ಅಂದಾಜಿಸುವ ವಿಧಾನ; ಪವರ್ 2) ಓಡಿಸಿದರೆ ರಂಜಕದ ನಕ್ಷೆಯಲ್ಲಿ ಪ್ರತಿ ಮಾದರಿ ಬಿಂದುವಿನ ಸುತ್ತ ವೃತ್ತದೊಳಗೆ ವೃತ್ತ. ಕ್ರಿಗಿಂಗ್ (ಬಿಂದುಗಳ ನಡುವಿನ ಸಂಬಂಧ ಲೆಕ್ಕ ಹಾಕಿ ಅಂದಾಜಿಸುವ ವಿಧಾನ) ಮಾಡಿದರೆ ಇಡೀ ಹೊಲ ಹೆಚ್ಚುಕಡಿಮೆ ಒಂದೇ ಬಣ್ಣ. ಯಾವುದನ್ನು ನಂಬುವುದು?

ಇದರ ಜೊತೆ ಎರಡು ಹಂಗಾಮಿನ, ಕಟಾವು ಯಂತ್ರದ ಇಳುವರಿ ಮಾನಿಟರ್ ದತ್ತಾಂಶ, ಐದು ವರ್ಷಗಳ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಇವೆ. ಗೊಬ್ಬರ ಎರಚಲು 24 ಮೀಟರ್ ಅಗಲದ ಡಿಸ್ಕ್ ಸ್ಪ್ರೆಡರ್, ವೇರಿಯಬಲ್ ರೇಟ್ ಕಂಟ್ರೋಲರ್ (ಜಾಗಕ್ಕೆ ತಕ್ಕಂತೆ ಪ್ರಮಾಣ ಬದಲಿಸುವ ಸಾಧನ) ಸಮೇತ. ಸಾರಜನಕಕ್ಕೂ ಇದೇ ಮಣ್ಣಿನ ನಕ್ಷೆ ಬಳಸಬಹುದೇ? ಯಂತ್ರಕ್ಕೆ ಎಷ್ಟು ಸಣ್ಣ ಚೌಕಗಳ ನಕ್ಷೆ ಕೊಡಬೇಕು?

ವೇರಿಯೋಗ್ರಾಂ

ಐಡಿಡಬ್ಲ್ಯು ತನ್ನ ಸ್ವಭಾವದಂತೆಯೇ ನಡೆದುಕೊಂಡಿದೆ. ಮಾದರಿ ಬಿಂದುವಿನಲ್ಲಿ ಅಳತೆಯ ಮೌಲ್ಯವನ್ನೇ ಇಡುತ್ತದೆ, ದೂರ ಹೋದಂತೆ ಸರಾಸರಿಯತ್ತ ಜಾರುತ್ತದೆ. ಹಾಗಾಗಿ ಏರು-ತಗ್ಗುಗಳ ತುದಿಗಳೆಲ್ಲ ಬಿಂದುಗಳಲ್ಲೇ ಬರಬೇಕು, ಸುತ್ತುಗಳು ಕಾಣಲೇಬೇಕು. ಪವರ್ ಹೆಚ್ಚಿಸಿದರೆ ಅಂಚುಗಳು ಇನ್ನೂ ಚೂಪಾಗುತ್ತವೆ. ಮಣ್ಣಿನಲ್ಲಿ ಆ ಸುತ್ತುಗಳಿಲ್ಲ.

ಕ್ರಿಗಿಂಗ್ ಸಪಾಟಾಗಿ ಬಂತೆಂದರೆ ಅದು ಹೇಳುತ್ತಿರುವುದು ಬೇರೆ: ಅಕ್ಕಪಕ್ಕದ ಬಿಂದುಗಳ ನಡುವೆ ಅದಕ್ಕೆ ಸಂಬಂಧ ಕಾಣಲಿಲ್ಲ. ಆದರೆ 24 ಬಿಂದುಗಳಿಂದ ವೇರಿಯೋಗ್ರಾಂ (ದೂರ ಹೆಚ್ಚಿದಂತೆ ಮೌಲ್ಯಗಳ ವ್ಯತ್ಯಾಸ ಹೇಗೆ ಹೆಚ್ಚುತ್ತದೆಂದು ತೋರಿಸುವ ಗೆರೆ) ಹೊಂದಿಸುವುದೇ ದುಸ್ಸಾಹಸ. 50 ಕನಿಷ್ಠ, 100 ಇದ್ದರೆ ನಂಬಬಹುದು. ಸಾಫ್ಟ್‌ವೇರ್ ತಾನೇ ಹೊಂದಿಸಿಕೊಟ್ಟ ಗೆರೆಯನ್ನು ಕಣ್ಣುಮುಚ್ಚಿ ಒಪ್ಪಬೇಡಿ.

ನಕ್ಷೆ ಕೆಲಸಕ್ಕೆ ಬರುತ್ತದೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಬಿಂದುವನ್ನು ಬದಿಗಿಟ್ಟು ಉಳಿದ 23ರಿಂದ ಅದರ ಮೌಲ್ಯ ಅಂದಾಜಿಸಿ. ಹೀಗೆ 24 ಬಿಂದುಗಳಿಗೂ ಮಾಡಿ. ಅಂದಾಜಿಗೂ ಅಳತೆಗೂ ಇರುವ ವ್ಯತ್ಯಾಸದ ಆರ್‌ಎಂಎಸ್‌ಇ (ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲ) ತೆಗೆಯಿರಿ. ಅದನ್ನು 24 ಮೌಲ್ಯಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯ ಸುತ್ತ ಮೌಲ್ಯಗಳ ಹರಡುವಿಕೆ) ಜೊತೆ ಹೋಲಿಸಿ. ಆರ್‌ಎಂಎಸ್‌ಇ ಗಣನೀಯವಾಗಿ ಕಡಿಮೆ ಇಲ್ಲದಿದ್ದರೆ ನಿಮ್ಮ ಬಣ್ಣದ ನಕ್ಷೆಗಿಂತ ಇಡೀ ಹೊಲಕ್ಕೊಂದು ಸರಾಸರಿಯೇ ವಾಸಿ. ರಂಜಕ, ಪೊಟ್ಯಾಷ್, ರಸಸಾರ ಮೂರಕ್ಕೂ ಬೇರೆಬೇರೆಯಾಗಿ ಮಾಡಿ. ರಸಸಾರ ಸಾಮಾನ್ಯವಾಗಿ ಪಾಸಾಗುತ್ತದೆ, ರಂಜಕ ಹೆಚ್ಚಾಗಿ ಫೇಲಾಗುತ್ತದೆ.

ಅದಕ್ಕೂ ಮುನ್ನ ಇವಿಷ್ಟು ನೋಡಿಕೊಳ್ಳಿ. ಪದರದ ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಡಬ್ಲ್ಯುಜಿಎಸ್ 84 (ಅಕ್ಷಾಂಶ-ರೇಖಾಂಶ) ಇದ್ದರೆ ದೂರಗಳು ಡಿಗ್ರಿಯಲ್ಲಿರುತ್ತವೆ, ಮೀಟರಿನಲ್ಲಿ ಅಳೆಯುವ ಯುಟಿಎಂಗೆ ಬದಲಿಸಿಯೇ ಲೆಕ್ಕ ಹಾಕಿ. 41 ಪಿಪಿಎಂ ಬಂದ ಬಿಂದು ಹಳೆಯ ತಿಪ್ಪೆ, ದನ ಕಟ್ಟುತ್ತಿದ್ದ ಜಾಗ ಅಥವಾ ಗೊಬ್ಬರದ ಚೀಲ ಇಳಿಸುತ್ತಿದ್ದ ಮೂಲೆಯೇ? ಅದರ ನಾಲ್ಕೂ ದಿಕ್ಕಿಗೆ 20 ಮೀಟರ್ ದೂರದಲ್ಲಿ ಒಂದೊಂದು ಮಾದರಿ ತೆಗೆದರೆ ಗೊತ್ತಾಗುತ್ತದೆ. ರಂಜಕದ ಮೌಲ್ಯಗಳು ಒಂದು ಕಡೆಗೆ ವಾಲಿರುವುದರಿಂದ ಲಾಗ್ ತೆಗೆದು ಕೆಲಸ ಮಾಡುವುದು ಒಳ್ಳೆಯದು.

ಇನ್ನು, ಒಂದು ಬಿಂದುವಿಗೆ ಎಷ್ಟು ಕಡೆ ಅಗರ್ (ಮಣ್ಣು ತೆಗೆಯುವ ಕೊರೆ) ಇಳಿಸಿದ್ದೀರಿ ಎಂದು ಬರೆದಿಲ್ಲ. 3–5 ಮೀಟರ್ ತ್ರಿಜ್ಯದೊಳಗೆ 10–15 ಕಡೆ ತೆಗೆದು ಬೆರೆಸದಿದ್ದರೆ, ಹಿಂದಿನ ವರ್ಷ ಸಾಲಿನಲ್ಲಿ ಕೂರಿಸಿದ ಡಿಎಪಿಯ ಮೇಲೇ ಅಗರ್ ಇಳಿದಿರಬಹುದು. ಅಂಥ ಒಂದೇ ಒಂದು ತೂತು ಸಾಕು, ಆ ಹೆಕ್ಟೇರ್ ಪೂರ್ತಿ ಶ್ರೀಮಂತವೆಂದು ತೋರಿಸಲು.

ವಲಯವಾದಿ

ನನ್ನ ಪ್ರಕಾರ ಗ್ರಿಡ್ಡನ್ನು ಬಿಟ್ಟು ವಲಯಕ್ಕೆ (ಒಂದೇ ಬಗೆಯಾಗಿ ಬೆಳೆಯುವ ಜಾಗಗಳ ಗುಂಪು) ಬನ್ನಿ. 24 ಹೆಕ್ಟೇರಿಗೆ 3 ಅಥವಾ 4 ವಲಯ, ಅದಕ್ಕಿಂತ ಹೆಚ್ಚು ಬೇಡ.

ಪ್ರತಿ ಹಂಗಾಮಿನ ಇಳುವರಿಯನ್ನು ಆ ಹಂಗಾಮಿನ ಹೊಲದ ಸರಾಸರಿಯಿಂದ ಭಾಗಿಸಿ. ಮಳೆ ಚೆನ್ನಾಗಿ ಬಂದ ವರ್ಷವೂ ಕೈಕೊಟ್ಟ ವರ್ಷವೂ ಆಗ ಒಂದೇ ಅಳತೆಗೆ ಬರುತ್ತವೆ. ಬೆಳೆ ಪೂರ್ತಿ ಹರಡಿದ ಹೊತ್ತಿನ ಐದು ವರ್ಷದ ಎನ್‌ಡಿವಿಐಗೂ (ಬೆಳೆಯ ಹಸಿರನ್ನು ಅಳೆಯುವ ಉಪಗ್ರಹ ಸೂಚ್ಯಂಕ) ಹಾಗೇ ಮಾಡಿ. ಎತ್ತರದ ಪದರವೊಂದನ್ನು ಸೇರಿಸಿ, ಎಲ್ಲವನ್ನೂ ಒಂದೇ ಸ್ಕೇಲಿಗೆ ತಂದು ಕೆ-ಮೀನ್ಸ್ (ಹೋಲುವ ಜಾಗಗಳನ್ನು ಗುಂಪು ಮಾಡುವ ಲೆಕ್ಕ) ಓಡಿಸಿ. ಸ್ಕೇಲ್ ಮಾಡದಿದ್ದರೆ ನೂರಾರು ಮೀಟರಿನಲ್ಲಿರುವ ಎತ್ತರವೇ ಗೆದ್ದು, ಎನ್‌ಡಿವಿಐ ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಅರ್ಧ ಹೆಕ್ಟೇರಿಗಿಂತ ಚಿಕ್ಕ ಚೂರುಗಳನ್ನು ಪಕ್ಕದ ವಲಯಕ್ಕೆ ಸೇರಿಸಿಬಿಡಿ.

ಇಳುವರಿ ದತ್ತಾಂಶವನ್ನು ಹಾಗೇ ಬಳಸಬೇಡಿ. ತೆನೆ ಕತ್ತರಿಸಿದ ಗಳಿಗೆಗೂ ಕಾಳು ಸೆನ್ಸರ್ ಮುಟ್ಟುವ ಗಳಿಗೆಗೂ 10–15 ಸೆಕೆಂಡ್ ಅಂತರ. ಇದು ತಪ್ಪಾಗಿದ್ದರೆ ಎದುರುಬದುರು ದಿಕ್ಕಿನ ಸಾಲುಗಳಲ್ಲಿ ವಲಯದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಹಲ್ಲು ಮಾಯವಾಗುವವರೆಗೆ ಸೆಕೆಂಡು ಬದಲಿಸಿ ನೋಡಿ. ಸಾಲಿನ ಆರಂಭ-ಕೊನೆ, ಹೆಡರ್ ಎತ್ತಿದ ಜಾಗ, ವೇಗ ದಿಢೀರನೆ ಬದಲಾದ ಬಿಂದು, ಅರ್ಧ ಅಗಲವಷ್ಟೇ ಕಟಾವಾದ ಕೊನೆಯ ಪಟ್ಟಿ ಎಲ್ಲವನ್ನೂ ತೆಗೆದುಹಾಕಿ.

ಲೆಕ್ಕದ ಮಾದರಿ ಹೀಗೆ. ಮುಸುಕಿನ ಜೋಳದ ಒಂದು ಟನ್ ಕಾಳು ಸುಮಾರು 6 ಕೆಜಿ ಪಿ2ಒ5 (ಗೊಬ್ಬರದ ಲೆಕ್ಕದ ರಂಜಕ), 4.5 ಕೆಜಿ ಕೆ2ಒ (ಗೊಬ್ಬರದ ಲೆಕ್ಕದ ಪೊಟ್ಯಾಷ್) ಹೊತ್ತೊಯ್ಯುತ್ತದೆ. 8 ಟನ್ ಬರುವ ವಲಯದಲ್ಲಿ ರಂಜಕ 8 ಪಿಪಿಎಂ ಇದೆ, ಅದನ್ನು 15ಕ್ಕೆ ಏರಿಸಬೇಕು ಎನ್ನೋಣ. ಹೊತ್ತೊಯ್ದದ್ದು 48 ಕೆಜಿ. 1 ಪಿಪಿಎಂ ಏರಿಸಲು ಹೆಕ್ಟೇರಿಗೆ ಸುಮಾರು 20 ಕೆಜಿ ಪಿ2ಒ5 ಹಿಡಿದರೆ 7 ಪಿಪಿಎಂಗೆ 140 ಕೆಜಿ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 35. ಒಟ್ಟು 83 ಕೆಜಿ, ಅಂದರೆ 180 ಕೆಜಿ ಡಿಎಪಿ. ಅದರೊಳಗೇ 32 ಕೆಜಿ ಸಾರಜನಕವೂ ಹೋಗುತ್ತದೆ, ಮೇಲುಗೊಬ್ಬರದಲ್ಲಿ ಅಷ್ಟನ್ನು ಕಳೆಯಿರಿ. ವಲಯಕ್ಕೊಂದು ಡಿಎಪಿ ಪ್ರಮಾಣ ಇಟ್ಟು ಯೂರಿಯಾವನ್ನು ಎಲ್ಲೆಡೆ ಒಂದೇ ಸಮ ಹಾಕಿದರೆ, ಬೇಡವೆಂದರೂ ಸಾರಜನಕದ ನಕ್ಷೆಯೊಂದು ತಾನಾಗಿ ಹುಟ್ಟಿಕೊಂಡಿರುತ್ತದೆ. 25 ಪಿಪಿಎಂ ದಾಟಿದ ಕಡೆ ಕೆಲವು ವರ್ಷ ರಂಜಕ ನಿಲ್ಲಿಸಬಹುದು.

ಪ್ರಯೋಗಾಲಯದ ವರದಿಯಲ್ಲಿ ಅಂಕಿ ರಂಜಕದ್ದೋ ಪಿ2ಒ5ನದ್ದೋ ನೋಡಿಕೊಳ್ಳಿ: ರಂಜಕವನ್ನು 2.29ರಿಂದ ಗುಣಿಸಿದರೆ ಪಿ2ಒ5, ಪೊಟ್ಯಾಸಿಯಂ ಅನ್ನು 1.2ರಿಂದ ಗುಣಿಸಿದರೆ ಕೆ2ಒ.

ವೇರಿಯೋಗ್ರಾಂ

ವಲಯವಾದಿ ಹೇಳಿದ್ದರಲ್ಲಿ ಒಂದಕ್ಕೆ ತಕರಾರು. ಇಳುವರಿ ಮತ್ತು ಎನ್‌ಡಿವಿಐಯಿಂದ ಕಟ್ಟಿದ ವಲಯ ಮುಖ್ಯವಾಗಿ ತೋರಿಸುವುದು ನೀರು ಹಿಡಿಯುವ ಶಕ್ತಿಯನ್ನು. ರಂಜಕದ ಏರುಪೇರು ಬಹುಪಾಲು ಮನುಷ್ಯರದ್ದೇ ಕೆಲಸ: ಹಿಂದೆ ಎಲ್ಲಿ ಕೊಟ್ಟಿಗೆ ಗೊಬ್ಬರ ಸುರಿದರು, ಎಲ್ಲಿ ಎರಡು ಹೊಲ ಸೇರಿ ಒಂದಾಯಿತು. ಅದು ಉಪಗ್ರಹಕ್ಕೆ ಕಾಣುವುದಿಲ್ಲ. ಹಳೆಯ ಬದುಗಳ ಗುರುತು ಸಿಕ್ಕರೆ ವಲಯ ಎಳೆಯುವಾಗ ಅದನ್ನೂ ಗೆರೆಯಾಗಿಸಿ.

ಇನ್ನೊಂದು ತಿರುವುಮುರುವು. ಚೆನ್ನಾಗಿ ಬೆಳೆಯುವ ಜಾಗ ವರ್ಷವರ್ಷವೂ ಹೆಚ್ಚು ರಂಜಕ ಹೊತ್ತೊಯ್ದಿರುತ್ತದೆ. ಎಲ್ಲೆಡೆ ಒಂದೇ ಸಮ ಗೊಬ್ಬರ ಬಿದ್ದಿದ್ದರೆ ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಬರುವುದು ಅಲ್ಲೇ. ಬೆಳೆ ಸೊರಗುವ ಕಲ್ಲುದಿಣ್ಣೆಯಲ್ಲಿ ರಂಜಕ ಕೂಡಿಕೊಂಡಿರುತ್ತದೆ. ಇಳುವರಿ ನಕ್ಷೆಯಲ್ಲಿ ಕೆಂಪು, ಅಂದರೆ ಕಡಿಮೆ ಇಳುವರಿ, ಕಂಡಲ್ಲೆಲ್ಲ ಗೊಬ್ಬರ ಹೆಚ್ಚಿಸುವವರು ದುಡ್ಡು ಸುರಿಯುವುದು ಈ ದಿಣ್ಣೆಯ ಮೇಲೆಯೇ.

ರೆಡ್‌ಎಡ್ಜ್

ಸಾರಜನಕದ ಬಗ್ಗೆ ಮಾತ್ರ. ಮಣ್ಣಿನ ನಕ್ಷೆ ಇದಕ್ಕೆ ಆಗುವುದಿಲ್ಲ. ನೈಟ್ರೇಟ್ ಒಂದು ದೊಡ್ಡ ಮಳೆಗೆ ಕೆಳಗಿಳಿದು ಹೋಗುತ್ತದೆ, ಸಾವಯವ ವಸ್ತುವಿನಿಂದ ಬಿಡುಗಡೆಯಾಗುವುದು ತೇವ ಮತ್ತು ಶಾಖದ ಮೇಲೆ ನಿಂತಿದೆ. ಬಿತ್ತನೆಗೆ ಮುಂಚಿನ ನಕ್ಷೆ ಮೇಲುಗೊಬ್ಬರದ ಹೊತ್ತಿಗೆ ಹಳಸಿರುತ್ತದೆ.

ಸಾರಜನಕ ತುಂಬಿದ ಪಟ್ಟಿಯೊಂದನ್ನು ಇಡಿ. ರೂಢಿಯ ಪ್ರಮಾಣದ ಒಂದೂವರೆ ಪಟ್ಟು ಹಾಕಿ, ಎಲ್ಲ ವಲಯಗಳನ್ನೂ ದಾಟುವಂತೆ. ಸ್ಪ್ರೆಡರಿನ ಎರಡು ಸುತ್ತು, ಅಂದರೆ 48 ಮೀಟರಿಗಿಂತ ಕಿರಿದು ಬೇಡ. ಕಾರಣ, ಸೆಂಟಿನೆಲ್-2ರ ಬಿ4 ಮತ್ತು ಬಿ8 ಬ್ಯಾಂಡುಗಳ (ಉಪಗ್ರಹ ಅಳೆಯುವ ಬೆಳಕಿನ ಬಣ್ಣಗಳು) ಪಿಕ್ಸೆಲ್ 10 ಮೀಟರಿನದಾದರೂ ಕೆಂಪಂಚಿನ ಬಿ5 20 ಮೀಟರಿನದು. ಪಟ್ಟಿಯೊಳಗೆ ಪೂರ್ತಿ ಬೀಳುವ ಪಿಕ್ಸೆಲ್ ಸಿಗಬೇಕು.

ಬೆಳೆ 8–10 ಎಲೆ ಬಿಟ್ಟಾಗ ಎನ್‌ಡಿಆರ್‌ಇ (ಕೆಂಪಂಚಿನ ಸೂಚ್ಯಂಕ) ತೆಗೆಯಿರಿ: ಬಿ8ಎ ಕಳೆಯುವುದು ಬಿ5, ಅದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು. ಎನ್‌ಡಿವಿಐ ಬೇಡ; ಎಲೆಗಳು ಒಂದರ ಮೇಲೊಂದು ಮುಚ್ಚಿಕೊಂಡ ಮೇಲೆ ಅದು ಮಿತಿ ಮುಟ್ಟಿ ನಿಂತುಬಿಡುತ್ತದೆ, ಹಸಿವಾದ ಗಿಡಕ್ಕೂ ತುಂಬಿದ ಗಿಡಕ್ಕೂ ವ್ಯತ್ಯಾಸ ತೋರಿಸುವುದಿಲ್ಲ. ಪ್ರತಿ ಪಿಕ್ಸೆಲ್ಲಿನ ಮೌಲ್ಯವನ್ನು ಅದೇ ವಲಯದ ತುಂಬಿದ ಪಟ್ಟಿಯ ಮೌಲ್ಯದಿಂದ ಭಾಗಿಸಿ. 0.95ಕ್ಕಿಂತ ಮೇಲಿದ್ದರೆ ಸದ್ಯಕ್ಕೆ ಬೇಕಿಲ್ಲ; ಕೆಳಗಿಳಿದಷ್ಟೂ ಯೂರಿಯಾ ಹೆಚ್ಚಿಸಿ. ಆದರೆ 0.7ಕ್ಕಿಂತ ಕೆಳಗೆ ಹೋದ ಜಾಗಕ್ಕೆ ನಡೆದುಹೋಗಿ ನೋಡದೆ ಒಂದು ಕೆಜಿಯೂ ಹಾಕಬೇಡಿ. ನೀರು ನಿಂತದ್ದು, ಮೊಳಕೆ ಬಾರದ್ದು, ಗಂಧಕದ ಕೊರತೆ ಎಲ್ಲವೂ ಅದೇ ಬಣ್ಣದಲ್ಲಿ ಕಾಣುತ್ತವೆ.

ಐದು ವರ್ಷದ ಚಿತ್ರಗಳನ್ನು ಒಟ್ಟಿಗಿಡುವಾಗ ಒಂದು ಗುಂಡಿ ಇದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ದತ್ತಾಂಶದ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಾರೆ. ಅದನ್ನು ಕಳೆದು 10000ದಿಂದ ಭಾಗಿಸಬೇಕು. ಅದಕ್ಕೂ ಹಿಂದಿನವು ಆಮೇಲೆ ಮರುಸಂಸ್ಕರಿಸಿದ ಪ್ರತಿಗಳಲ್ಲದಿದ್ದರೆ ನೇರವಾಗಿ ಭಾಗಿಸಿದರಾಯಿತು. ಕಳೆಯುವುದು ಬಿಟ್ಟರೆ ಆಮೇಲಿನ ವರ್ಷಗಳ ಎನ್‌ಡಿವಿಐ ಎಲ್ಲವೂ ಸುಳ್ಳೇ ಕಡಿಮೆ ಬರುತ್ತವೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಹಾರ್ಮನೈಸ್ಡ್ ಸಂಗ್ರಹ ಬಳಸಿದರೆ ಈ ತಾಪತ್ರಯವಿಲ್ಲ. ಹಾಗೇ ಎಸ್‌ಸಿಎಲ್ (ಪ್ರತಿ ಪಿಕ್ಸೆಲ್ ಮೋಡವೋ ನೆಲವೋ ಎಂದು ಹೇಳುವ) ಪದರದಿಂದ ಮೋಡ ಮಾತ್ರವಲ್ಲ, ಮೋಡದ ನೆರಳನ್ನೂ ತೆಗೆಯಿರಿ. ಹೊಲದ ಅಂಚಿನಿಂದ 20 ಮೀಟರ್ ಒಳಗಿನ ಪಿಕ್ಸೆಲ್ಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತಟ್ಟೆಪರೀಕ್ಷೆ

ಯಂತ್ರದ ಕಡೆಯಿಂದ ನೋಡಿದರೆ 10 ಮೀಟರ್ ಚೌಕದ ನಕ್ಷೆಗೆ ಅರ್ಥವಿಲ್ಲ. 24 ಮೀಟರ್ ಅಗಲಕ್ಕೆ ಎರಚುವ ಡಿಸ್ಕ್, ಪಕ್ಕದ ಸುತ್ತಿನ ಮೇಲೂ ಹಾಯುತ್ತದೆ. 48 ಮೀಟರ್ ಅಗಲ, ಉದ್ದಕ್ಕೆ ಕನಿಷ್ಠ 50 ಮೀಟರ್, ಇದಕ್ಕಿಂತ ಸಣ್ಣದು ಬೇಡ. ಚೌಕಗಳನ್ನು ಉತ್ತರ-ದಕ್ಷಿಣಕ್ಕೆ ಹಾಕದೆ ಟ್ರ್ಯಾಕ್ಟರ್ ಓಡುವ ದಿಕ್ಕಿಗೆ ತಿರುಗಿಸಿ.

ಮೊದಲು ಒಂದೇ ಪ್ರಮಾಣದಲ್ಲಿ ಸಮನಾಗಿ ಬೀಳುತ್ತಿದೆಯೇ ನೋಡಿ. ಓಟದ ದಿಕ್ಕಿಗೆ ಅಡ್ಡಲಾಗಿ ತಟ್ಟೆಗಳನ್ನಿಟ್ಟು, ಪಕ್ಕದ ಸುತ್ತುಗಳೂ ಸೇರುವಂತೆ ಓಡಿಸಿ, ತೂಕ ಮಾಡಿ. ತಟ್ಟೆಗಳ ನಡುವಿನ ಸಿವಿ (ಸರಾಸರಿಗೆ ಹೋಲಿಸಿದ ಏರುಪೇರು) 15 ಪ್ರತಿಶತ ದಾಟಿದರೆ ಡಿಸ್ಕ್, ರೆಕ್ಕೆ, ಬೀಳುವ ಬಿಂದು ಸರಿಪಡಿಸಿ. ನಕ್ಷೆಯ ಕನಿಷ್ಠ ಮತ್ತು ಗರಿಷ್ಠ ಪ್ರಮಾಣ ಎರಡರಲ್ಲೂ ಈ ಪರೀಕ್ಷೆ ಬೇಕು, ಏಕೆಂದರೆ ಗೊಬ್ಬರದ ಹರಿವು ಹೆಚ್ಚಿದಂತೆ ಎರಚುವ ಆಕಾರವೇ ಬದಲಾಗುತ್ತದೆ. ಡಿಎಪಿ ಮತ್ತು ಎಂಒಪಿ (ಪೊಟ್ಯಾಷ್ ಗೊಬ್ಬರ) ಬೆರೆಸಿ ಹಾಕುವುದಾದರೆ ಕಾಳಿನ ಗಾತ್ರ ಹತ್ತಿರ ಇರಲಿ. ಸಣ್ಣ ಕಾಳು ಹತ್ತಿರ, ದಪ್ಪ ಕಾಳು ದೂರ ಬಿದ್ದು ಎರಡು ಬೇರೆ ಪಟ್ಟೆಗಳಾಗುತ್ತವೆ.

ಕಂಟ್ರೋಲರಿಗೆ ಕಡತ ಕೊಡುವಾಗ ಆಗುವ ಎಡವಟ್ಟುಗಳು:

- ಶೇಪ್‌ಫೈಲ್ (ನಕ್ಷೆಯ ಕಡತ) ಎಂದರೆ ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ನಾಲ್ಕೂ. ಲೆಕ್ಕ ಯುಟಿಎಂನಲ್ಲಿ ಮಾಡಿದ್ದರೂ ಕೊಡುವಾಗ ಡಬ್ಲ್ಯುಜಿಎಸ್ 84ಕ್ಕೆ ಮರಳಿಸಿ.
- ಪ್ರಮಾಣದ ಕಾಲಂ ಸಂಖ್ಯೆಯಾಗಿರಬೇಕು, ಪಠ್ಯವಾಗಿದ್ದರೆ ಕೆಲವು ಟರ್ಮಿನಲ್‌ಗಳು ಸುಮ್ಮನೆ ಸೊನ್ನೆ ಓದುತ್ತವೆ.
- ಬರೆಯುವುದು ಗೊಬ್ಬರದ ಕೆಜಿ, ಪೋಷಕಾಂಶದ ಕೆಜಿ ಅಲ್ಲ. 83 ಎಂದು ಬರೆದರೆ 83 ಕೆಜಿ ಡಿಎಪಿಯೇ ಬೀಳುತ್ತದೆ.
- ಜಿಪಿಎಸ್ ಸಿಗ್ನಲ್ ಹೋದಾಗ ಅಥವಾ ನಕ್ಷೆಯ ಹೊರಗೆ ಹೋದಾಗ ಬೀಳುವ ಡೀಫಾಲ್ಟ್ ಪ್ರಮಾಣವನ್ನು ನೀವೇ ಹಾಕಿ.
- ಗೇಟ್ ತೆರೆದುಕೊಳ್ಳಲು ಹಿಡಿಯುವ ಸಮಯಕ್ಕೆ ತಕ್ಕಂತೆ ಮುನ್ನೋಟದ ಸೆಕೆಂಡು ಹೊಂದಿಸಿ. ಗಂಟೆಗೆ 12 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ತಡವೆಂದರೆ ಸುಮಾರು 7 ಮೀಟರ್.

ಕೊನೆಗೆ ಯಂತ್ರ ಕೊಡುವ 'ಹಾಕಿದ ನಕ್ಷೆ'ಯನ್ನು ಪೂರ್ತಿ ನಂಬಬೇಡಿ. ತೂಕದ ಸೆಲ್ ಇಲ್ಲದ ಸ್ಪ್ರೆಡರ್ ಗೇಟಿನ ತೆರವು ನೋಡಿ ಲೆಕ್ಕ ಬರೆದಿರುತ್ತದೆ, ಬಿದ್ದದ್ದನ್ನಲ್ಲ. ತುಂಬಿಸಿದ ಚೀಲಗಳ ತೂಕಕ್ಕೂ ಅದರ ಮೊತ್ತಕ್ಕೂ ತಾಳೆ ಹಾಕಿ.

ಹೊಲಗ್ರಿಡ್

ಒಂದೊಂದು ಬಿಂದುವನ್ನು ಬಿಟ್ಟು ಲೆಕ್ಕ ಹಾಕಿದಾಗ ಬಂದದ್ದು: ರಂಜಕ ಆರ್‌ಎಂಎಸ್‌ಇ 9.6, ಸ್ಟ್ಯಾಂಡರ್ಡ್ ಡೀವಿಯೇಷನ್ 9.0. ಪೊಟ್ಯಾಷ್ 41 ಮತ್ತು 47. ರಸಸಾರ 0.29 ಮತ್ತು 0.48. ಒಂದು ಬಿಂದುವಿಗೆ 5 ಕಡೆ ಮಾತ್ರ ಅಗರ್ ಇಳಿಸಿದ್ದಾರೆ. ರಂಜಕದ ಮಧ್ಯಾಂಕ 14 ಪಿಪಿಎಂ. ಈಗ ಏನು ಮಾಡಬಹುದು?

ವೇರಿಯೋಗ್ರಾಂ

ರಂಜಕದ ನಕ್ಷೆ ಬಿಸಾಡಿ, ರಸಸಾರದ ನಕ್ಷೆ ಇಟ್ಟುಕೊಳ್ಳಿ. ಈ ಹಂಗಾಮಿನಲ್ಲಿ ನಿಮಗೆ ಅತಿ ಹೆಚ್ಚು ಲಾಭ ಕೊಡುವುದು ಬಹುಶಃ ಸುಣ್ಣವೇ. ರಸಸಾರ 5.5ರ ಆಸುಪಾಸಿನಲ್ಲಿದ್ದರೆ, ಮಣ್ಣಿನಲ್ಲಿರುವ ರಂಜಕವೂ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಕಟ್ಟಿಕೊಂಡಿರುತ್ತದೆ. ಆದರೆ ಸುಣ್ಣದ ಪ್ರಮಾಣವನ್ನು ರಸಸಾರ ಒಂದರಿಂದಲೇ ತೀರ್ಮಾನಿಸಬೇಡಿ. ಒಂದೇ ರಸಸಾರದ ಮರಳು ಮಣ್ಣಿಗೂ ಜೇಡಿಗೂ ಬೇಕಾಗುವ ಸುಣ್ಣದಲ್ಲಿ ಬಹಳ ಅಂತರ. 6ಕ್ಕಿಂತ ಕೆಳಗಿನ ಬಿಂದುಗಳ ಉಳಿದ ಮಣ್ಣಿಗೆ ಬಫರ್ ರಸಸಾರ (ಎಷ್ಟು ಸುಣ್ಣ ಬೇಕೆಂದು ತಿಳಿಸುವ) ಪರೀಕ್ಷೆ ಮಾಡಿಸಿ.

ರಂಜಕಕ್ಕೆ ಸದ್ಯ ವಲಯದ ಇಳುವರಿಯನ್ನೇ ಅನುಸರಿಸಿ: 6 ಟನ್ ವಲಯಕ್ಕೆ 36 ಕೆಜಿ, 8ಕ್ಕೆ 48, 10ಕ್ಕೆ 60 ಕೆಜಿ ಪಿ2ಒ5. ಮಧ್ಯಾಂಕ 14 ಇರುವಾಗ ಇದು ಸುರಕ್ಷಿತ. ಮುಂದಿನ ಸಲ ಪ್ರತಿ ವಲಯದಲ್ಲಿ 3 ಮಾದರಿ, ಒಂದೊಂದಕ್ಕೂ 15 ಕಡೆಯ ಮಣ್ಣು, ಇದೇ ತಿಂಗಳಲ್ಲಿ, ಇದೇ ಆಳದಲ್ಲಿ, ಇದೇ ಓಲ್ಸನ್ ವಿಧಾನದಲ್ಲಿ. ಬ್ರೇ ಅಥವಾ ಮೆಹ್ಲಿಕ್-3 ಎಂಬ ಬೇರೆ ವಿಧಾನ ಬಳಸುವ ಪ್ರಯೋಗಾಲಯಕ್ಕೆ ಕೊಟ್ಟರೆ ಹಳೆಯ ಅಂಕಿಗಳ ಜೊತೆ ಹೋಲಿಸಲಾಗದು. ಪೊಟ್ಯಾಷ್‌ನಲ್ಲಿ 110 ಬಂದ ಜಾಗವನ್ನು ಮಾತ್ರ ಮತ್ತೆ ಪರೀಕ್ಷಿಸಿ. ದಂಟನ್ನೂ ಹೊಲದಿಂದ ಸಾಗಿಸುವುದಾದರೆ ಕಾಳಿನ 4.5 ಕೆಜಿ ಲೆಕ್ಕ ಸಾಲದು, ಗಿಡದ ಪೊಟ್ಯಾಷಿನ ಬಹುಪಾಲು ದಂಟಿನಲ್ಲೇ ಇರುತ್ತದೆ.

ರಂಜಕ ಹಾಕದ ಪಟ್ಟಿ ಒಂದು, ಎಲ್ಲೆಡೆ ಒಂದೇ ಪ್ರಮಾಣದ ಪಟ್ಟಿ ಒಂದು, ಎರಡನ್ನೂ 48 ಮೀಟರ್ ಅಗಲಕ್ಕೆ ವಲಯಗಳಿಗೆ ಅಡ್ಡಲಾಗಿ ಬಿಡಿ. ಕಟಾವಿನಲ್ಲಿ ಪ್ರತಿ ಪಟ್ಟಿಯ ನಡುಭಾಗವನ್ನು ಮಾತ್ರ ಅಳೆಯಿರಿ, ಅಂಚಿನ 12 ಮೀಟರ್ ಬಿಟ್ಟು.