ಸಹಾಯ ಬೇಕು: ಮೂರು ಬಗೆಯ ದಾಖಲೆ, ಮೂರು ಬಗೆಯ ಗಡಿ

ಅರ್ಧಕ್ಕೆ ನಿಂತ ಶಾಲೆ, ಸಿಗದ ಕೆಲಸ, ನ್ಯಾಯಾಲಯದ ಅಲೆದಾಟ ಇವು ಮೂರೂ ನಗರದ ಒಂದೇ ಬಡಾವಣೆಗಳಲ್ಲಿ ಗುಂಪುಗೂಡುತ್ತವೆಯೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ವಿಷಯ ಆರಿಸುವಾಗ ಇದ್ದ ಉತ್ಸಾಹ ಈಗಿಲ್ಲ.

ಶಾಲೆಯ ದಾಖಲೆ ಮಗು ಓದುವ ಜಾಗವನ್ನು ಹೇಳುತ್ತದೆ, ವಾಸಿಸುವ ಜಾಗವನ್ನಲ್ಲ. ಉದ್ಯೋಗದ ಮಾಹಿತಿ ಕೆಲವೇ ಮನೆಗಳನ್ನು ಆರಿಸಿ ಕೇಳುವ ಮಾದರಿ ಸಮೀಕ್ಷೆಯದು. ವಾರ್ಡ್ ಮಟ್ಟಕ್ಕೆ ಇಳಿಸಿದರೆ ನಂಬಲಾಗದಷ್ಟು ತೆಳುವಾಗುತ್ತದೆ. ಪ್ರಕರಣಗಳೋ ಪೊಲೀಸ್ ಠಾಣೆಯ ವ್ಯಾಪ್ತಿಯ ಲೆಕ್ಕದಲ್ಲಿವೆ. ಈ ಗಡಿಗಳು ಒಂದಕ್ಕೊಂದು ಹೊಂದದ ಕಾರಣ ಅಂಕಿಗಳನ್ನು ವಿಸ್ತೀರ್ಣಕ್ಕೆ ತಕ್ಕಂತೆ ಹಂಚಿ ನೋಡಿದೆ. ಲೆಕ್ಕದಲ್ಲಿ ಯಾರೂ ವಾಸಿಸದ ಉದ್ಯಾನದಲ್ಲೂ ಮೈದಾನದಲ್ಲೂ ನಿರುದ್ಯೋಗಿಗಳು ಬಂದು ಕುಳಿತರು! ಜನಸಂಖ್ಯೆಯ ತೂಕ ಕೊಟ್ಟು ಹಂಚಿದವರು ಇಲ್ಲಿದ್ದರೆ ದಯವಿಟ್ಟು ವಿಧಾನ ತಿಳಿಸಿ.

ಗಡಿ ಹೊಂದಿದರೂ ಬಡಾವಣೆಯ ಸರಾಸರಿಯಿಂದ ವ್ಯಕ್ತಿಯ ಬದುಕನ್ನು ಊಹಿಸುವಂತಿಲ್ಲ. ಆದ್ದರಿಂದ ಸಂದರ್ಶನಗಳೂ ಬೇಕು. ಅಪರಾಧದ ದಾಖಲೆ ಕೆಲಸ ಸಿಗಲು ಎಷ್ಟು ಅಡ್ಡಿ ಎಂದು ಅಳೆಯಲು ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಾಧದ ದಾಖಲೆಯಿಲ್ಲದ ಬಿಳಿಯ ಅರ್ಜಿದಾರರಲ್ಲಿ ಶೇ. 34ರಷ್ಟು ಮಂದಿಗೆ ಕೆಲಸದ ಕರೆ ಬಂದರೆ, ದಾಖಲೆಯಿದ್ದ ಬಿಳಿಯರಿಗೆ ಶೇ. 17 ಮಾತ್ರ. ದಾಖಲೆಯೇ ಇಲ್ಲದ ಕಪ್ಪು ಅರ್ಜಿದಾರರಿಗೆ ಶೇ. 14! ಅಲ್ಲಿ ಅರ್ಜಿದಾರರು ಆ ಪಾತ್ರ ವಹಿಸಲು ತರಬೇತಿ ಪಡೆದವರು, ಅಪರಾಧದ ದಾಖಲೆಯೂ ಕಲ್ಪಿತ. ನಾನು ಮಾತನಾಡಿಸಬೇಕಾದವರ ಮೇಲೆ ನಿಜವಾದ ಪ್ರಕರಣಗಳಿರುತ್ತವೆ.

“ನಿಮ್ಮ ಮೇಲೆ ಕೇಸ್ ಇತ್ತೇ?” ಎಂದು ಕೇಳಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೆಸರು ಬರೆದುಕೊಳ್ಳದೆ, ಭಯ ಹುಟ್ಟಿಸದೆ ಈ ಪ್ರಶ್ನೆಯನ್ನು ಹೇಗೆ ಕೇಳಿದಿರಿ? ಕ್ಷೇತ್ರಕಾರ್ಯ ಮಾಡಿದವರ ಸೋಲಿನ ಅನುಭವವಾದರೂ ಸರಿ, ಹಂಚಿಕೊಳ್ಳಿ. ಪ್ರಶ್ನಾವಳಿಯ ಕರಡು ಸಿದ್ಧವಿದೆ, ಓದಲು ಒಪ್ಪುವವರಿಗೆ ಕಳುಹಿಸುತ್ತೇನೆ.