ಅಪ್‌ಡೇಟ್: ಗಿಟಾರ್ ಈಗ ಬ್ಯಾಗಿನಲ್ಲಿಲ್ಲ

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಕುವೆಂಪುನಗರಕ್ಕೆ ಬರುವಷ್ಟರಲ್ಲಿ ಸುಸ್ತು, ಗಿಟಾರ್ ಅಭ್ಯಾಸ ವಾರಕ್ಕೇ ನಿಂತುಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬ್ಯಾಗಿನಿಂದ ತೆಗೆದು ಗೋಡೆಗೆ ನೇತುಹಾಕಿ ಅಂದಿದ್ದಿರಿ. ಅದೇ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ಹಾಲು ಕಾಯುವಷ್ಟರಲ್ಲಿ ಸುಮ್ನೆ ಕೈಗೆತ್ತಿಕೊಳ್ಳುತ್ತೇನೆ. ದಿನಕ್ಕೆ 15 ನಿಮಿಷ, ಅಷ್ಟೇ. ನೈಟ್ ಶಿಫ್ಟ್ ಇದ್ದರೆ 5 ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ನಿಜವಾದ ತಲೆನೋವು ಎಫ್ ಬಾರ್ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು; ಇದರಲ್ಲಿ ತೋರುಬೆರಳೊಂದೇ ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತಬೇಕು). ತೋರುಬೆರಳು ಚಪ್ಪಟೆಯಾಗಿ ಬಿದ್ದರೆ ಬಿ ತಂತಿ (ಕೆಳಗಿನಿಂದ ಎರಡನೆಯದು) ಬರೀ ಟಕ್ ಅನ್ನುತ್ತದೆ. ಬೆರಳನ್ನು ಸ್ವಲ್ಪ ಹೊರಳಿಸಿ, ಮೂಳೆ ಇರುವ ಪಕ್ಕದಿಂದ, ಫ್ರೆಟ್ ಪಟ್ಟಿಯ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರವೇ ಒತ್ತಿದರೆ ಅರ್ಧ ಬಲ ಸಾಕು. ಇದನ್ನು ಹೇಳಿದವರಿಗೆ ಒಂದು ಮೈಸೂರು ಪಾಕ್ ಬಾಕಿ ಇದೆ! 0.012 ಇಂಚಿನ ದಪ್ಪ ತಂತಿ ತೆಗೆಸಿ 0.010 ಇಂಚಿನ ತೆಳು ಸೆಟ್ ಹಾಕಿಸಿದೆ (ಈ ಅಳತೆ ಅತಿ ತೆಳು ತಂತಿಯದು). ದನಿ ಕೊಂಚ ತೆಳು, ಆದರೆ ಬೆರಳಿಗೆ ಹಾಯಾಗಿದೆ.

ಸಿ ಕಾರ್ಡ್‌ನಿಂದ ಜಿ ಕಾರ್ಡ್‌ಗೆ ಬದಲಾಯಿಸುವುದು 60 ಬಿಪಿಎಂನಲ್ಲಿ (ನಿಮಿಷಕ್ಕೆ 60 ತಾಳದ ಬಡಿತ) ತಡವರಿಸದೆ ಬರುತ್ತಿದೆ. 80ಕ್ಕೆ ಏರಿಸಿದರೆ ಕೈ ಕಲಸಿಹೋಗುತ್ತದೆ, ಸದ್ಯಕ್ಕೆ ಅವಸರವಿಲ್ಲ. ತಾಳ ಹಿಡಿಯಲು ಇಟ್ಟುಕೊಳ್ಳುವ ಮೆಟ್ರೊನೋಮಿನ ಟಿಕ್ ಟಿಕ್ ಮಾತ್ರ ಅಮ್ಮನಿಗೆ ಆಗುವುದಿಲ್ಲ, "ಇಯರ್‌ಫೋನ್ ಹಾಕ್ಕೊಳೋ" ಅಂತಾರೆ.